ಶನಿವಾರದ ಶಾಲೆ: ಶಿಕಾಗೋದ ಕಪ್ಪು ಸಂಗೀತಗಾರರು ಕಟ್ಟಿದ ಸಂಘ

'ಕರಿಯರಿಗೆ ಸಂಗೀತ ರಕ್ತದಲ್ಲೇ ಬಂದಿದೆ.' ಈ ಮಾತನ್ನು ಅಮೆರಿಕದ ಬಿಳಿಯರು ನೂರು ವರ್ಷಕ್ಕೂ ಹೆಚ್ಚು ಕಾಲ ಹೇಳಿಕೊಂಡು ಬಂದರು. ಕೇಳೋದಕ್ಕೆ ಹೊಗಳಿಕೆಯ ಹಂಗಿದೆ. ಆದರೆ ಈ ಹೊಗಳಿಕೆಯ ಹೊಟ್ಟೆಯೊಳಗೆ ಒಂದು ಚೂರಿ ಇದೆ. ರಕ್ತದಲ್ಲೇ ಬಂದದ್ದಕ್ಕೆ ಕಲಿಯೋ ಕಷ್ಟ ಇಲ್ಲ. ಕಲಿಯೋ ಕಷ್ಟ ಇಲ್ಲದ ಮೇಲೆ ಅದು ವಿದ್ಯೆ ಅಲ್ಲ. ವಿದ್ಯೆ ಅಲ್ಲದ್ದಕ್ಕೆ ಕೂಲಿ ಯಾಕೆ, ಮರ್ಯಾದೆ ಯಾಕೆ, ಶಾಲೆ ಯಾಕೆ? ಕೋಗಿಲೆಗೆ ಯಾರಾದರೂ ಸಂಬಳ ಕೊಡ್ತಾರಾ?

ಈ ಲೆಕ್ಕ ನಮಗೆ ಹೊಸದಲ್ಲ. ನಮ್ಮ ಊರುಗಳಲ್ಲಿ ತಮಟೆ ಯಾರು ಬಡೀಬೇಕು ಅನ್ನೋದು ಮಗು ಹುಟ್ಟೋದಕ್ಕೆ ಮುಂಚೇನೇ ತೀರ್ಮಾನ ಆಗಿರ್ತಿತ್ತು. ಹಬ್ಬಕ್ಕೆ ಬಡಿ, ಸಾವಿಗೆ ಬಡಿ, ಊರಿಗೆ ಸಾರೋದಕ್ಕೆ ಬಡಿ. ತಮಟೆಯ ಸದ್ದಿಗೆ ದೇವರು ಗುಡಿಯಿಂದ ಎದ್ದು ಬರಬೇಕು. ತಮಟೆ ಬಡಿದವನು ಮಾತ್ರ ಗುಡಿಯ ಒಳಕ್ಕೆ ಕಾಲಿಡಬಾರದು. ಬೆರಳು ಒಡೆಯೋ ಹಂಗೆ ವರ್ಷಗಟ್ಟಲೆ ಕಲಿತ ಗತ್ತುಗಳಿಗೆ 'ಅದು ಅವರ ಕುಲಕಸುಬು' ಅಂತ ಒಂದೇ ಮಾತಲ್ಲಿ ಬೆಲೆ ಕಟ್ಟಿ ಮುಗಿಸಿದರು. ಅವರ ರಕ್ತ, ನಮ್ಮ ಕುಲ. ಮಾತು ಬೇರೆ, ಮರ್ಮ ಒಂದೇ.

ಈ ಹೊಗಳಿಕೆಗೆ ಶಿಕಾಗೋ ನಗರದ ಕಪ್ಪು ಸಂಗೀತಗಾರರು 1965ರಲ್ಲಿ ಉತ್ತರ ಕೊಡೋದಕ್ಕೆ ಶುರು ಮಾಡಿದರು. ಸಂಘ ಕಟ್ಟಿದರು. ತಮ್ಮ ಕಛೇರಿಗಳನ್ನು ತಾವೇ ನಡೆಸಿದರು. ಎರಡು ವರ್ಷಕ್ಕೆ ಒಂದು ಶಾಲೆ ತೆರೆದರು. ಆ ಸಂಘದ ಚರಿತ್ರೆಯನ್ನು ಇಲ್ಲಿ ನಾವು ನಮ್ಮ ಕಣ್ಣಿಂದ ನೋಡ್ತಾ ಇದ್ದೇವೆ.

ಜಾಜ್ ಅಂದ್ರೆ ದೊಡ್ಡ ಹೋಟೆಲಿನ ಸಂಗೀತ ಅಂತ ನಮ್ಮಲ್ಲಿ ಒಂದು ತಿಳುವಳಿಕೆ ಇದೆ. ಅದಕ್ಕೆ ಕಾರಣವೂ ಉಂಟು. 1930ರ ದಶಕದಲ್ಲಿ ಮುಂಬಯಿಯ ತಾಜ್ ಹೋಟೆಲಿನಲ್ಲಿ ಕಪ್ಪು ಅಮೆರಿಕನ್ನರ ವಾದ್ಯತಂಡಗಳು ದೊರೆಗಳ, ಸಾಹುಕಾರರ ಕುಣಿತಕ್ಕೆ ನುಡಿಸುತ್ತಿದ್ದವು. ಅವರಲ್ಲಿ ಟೆಡ್ಡಿ ವೆದರ್‌ಫರ್ಡ್ ಅನ್ನೋ ಪಿಯಾನೋ ವಾದಕರು ಇದೇ ಶಿಕಾಗೋದಲ್ಲಿ ಹೆಸರು ಮಾಡಿ ಬಂದವರು. 1945ರಲ್ಲಿ ಕಲ್ಕತ್ತೆಯಲ್ಲಿ ಕಾಲರಾ ಬಂದು ತೀರಿಕೊಂಡರು. ತಾಜ್‌ನ ದೀಪಗಳಲ್ಲಿ ಹೊಳೆಯುವ ವಾದ್ಯ ಕಾಣಿಸಿತು. ಅದನ್ನು ಹಿಡಿದ ಕೈ ಯಾವ ಕೇರಿಯಿಂದ ಬಂತು ಅನ್ನೋದು ಕಾಣಿಸಲಿಲ್ಲ.

ಕಪ್ಪು ಜನರ ಚರಿತ್ರೆ ಓದೋದು ನಮಗೆ ಶೋಕಿಯೂ ಅಲ್ಲ. 1946ರಲ್ಲಿ ಬಾಬಾಸಾಹೇಬರು ಕಪ್ಪು ಜನರ ದೊಡ್ಡ ವಿದ್ವಾಂಸ ಡು ಬಾಯ್ಸ್ ಅವರಿಗೆ ಕಾಗದ ಬರೆದು, ವಿಶ್ವಸಂಸ್ಥೆಗೆ ಕಪ್ಪು ಜನ ಸಲ್ಲಿಸಿದ ಅರ್ಜಿಯ ಪ್ರತಿ ಕೇಳಿದ್ದರು. 1972ರಲ್ಲಿ ಮುಂಬಯಿಯ ಗೆಳೆಯರು ತಮ್ಮ ಸಂಘಟನೆಗೆ ದಲಿತ ಪ್ಯಾಂಥರ್ಸ್ ಅಂತ ಹೆಸರಿಟ್ಟದ್ದು ಅಲ್ಲಿಯ ಬ್ಲ್ಯಾಕ್ ಪ್ಯಾಂಥರ್ ಪಕ್ಷವನ್ನು ನೋಡಿ. ಪ್ಯಾಂಥರ್‌ಗಳ ಬಂದೂಕಿನ ಕತೆ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಅದೇ ಕಾಲದಲ್ಲಿ ಸೀಮೆಸುಣ್ಣ ಹಿಡಿದು ಹುಡುಗರಿಗೆ ಸ್ವರ ಬರೆಯೋದು ಕಲಿಸಿದವರ ಕತೆ ಅಷ್ಟಾಗಿ ಗೊತ್ತಿಲ್ಲ.

* * *

ಮೊದಲು ಊರು ಎಂಥದ್ದು ಅಂತ ತಿಳೀಬೇಕು. ಅಮೆರಿಕದಲ್ಲಿ ಗುಲಾಮಗಿರಿ ಕಾಗದದ ಮೇಲೆ 1865ರಲ್ಲಿ ಮುಗಿಯಿತು. ದಕ್ಷಿಣದ ಹತ್ತಿ ಹೊಲಗಳಲ್ಲಿ ಸಾಲ, ಗೇಣಿ, ನೇಣುಹಗ್ಗ ಹಂಗೇ ಉಳಿದವು. 1916ರ ಸುಮಾರಿಂದ 1970ರ ತನಕ ಸುಮಾರು 60 ಲಕ್ಷ ಕಪ್ಪು ಜನ ದಕ್ಷಿಣ ಬಿಟ್ಟು ಹೊರಟರು. ಗಂಟುಮೂಟೆ ಕಟ್ಟಿಕೊಂಡು ಇಲಿನಾಯ್ ಸೆಂಟ್ರಲ್ ರೈಲು ಹತ್ತಿದವರು ಶಿಕಾಗೋದಲ್ಲಿ ಇಳಿದರು. ಅವರನ್ನು ಕೂಗಿ ಕರೆದದ್ದು ಒಂದು ಪತ್ರಿಕೆ. 1905ರಲ್ಲಿ ಶುರುವಾದ 'ಶಿಕಾಗೋ ಡಿಫೆಂಡರ್' ಪತ್ರಿಕೆಯನ್ನು ರೈಲಿನಲ್ಲಿ ಕೆಲಸ ಮಾಡುವ ಕಪ್ಪು ಪೋರ್ಟರುಗಳು ದಕ್ಷಿಣಕ್ಕೆ ಒಯ್ದು ಹಂಚುತ್ತಿದ್ದರು. ಓದು ಬಂದವರು ಓದಿ ಹೇಳ್ತಿದ್ದರು, ಬಾರದವರು ಸುತ್ತ ಕೂತು ಕೇಳ್ತಿದ್ದರು. ಪತ್ರಿಕೆ ನಡೆಸೋದಕ್ಕೆ ಚಂದಾ ಎತ್ತುವ ನಮ್ಮಂಥವರು ಇದನ್ನು ನೆನಪಿಡಬೇಕು.

1910ರಲ್ಲಿ ಶಿಕಾಗೋದಲ್ಲಿ ಇದ್ದ ಕಪ್ಪು ಜನ ಸುಮಾರು 44 ಸಾವಿರ. 1970ರ ಹೊತ್ತಿಗೆ 11 ಲಕ್ಷ ದಾಟಿದರು. ಇಷ್ಟೂ ಜನಕ್ಕೆ ನಗರದ ದಕ್ಷಿಣ ಭಾಗದಲ್ಲಿ, ಆಮೇಲೆ ಪಶ್ಚಿಮ ಭಾಗದಲ್ಲಿ ಕೇರಿ ಮಾಡಿಟ್ಟರು. ಕರಿಯರಿಗೆ ಮನೆ ಮಾರೋದಿಲ್ಲ, ಬಾಡಿಗೆಗೆ ಕೊಡೋದಿಲ್ಲ ಅಂತ ಬಿಳಿಯ ಮನೆ ಮಾಲೀಕರು ಕರಾರುಪತ್ರ ಬರೆದು ರಿಜಿಸ್ಟರ್ ಮಾಡಿಸಿಕೊಳ್ತಿದ್ದರು. ಅಂಥ ಕರಾರನ್ನು ನ್ಯಾಯಾಲಯಗಳು ಜಾರಿ ಮಾಡುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟು ಹೇಳಿದ್ದು 1948ರಲ್ಲಿ. ಕರಾರು ಹೋಯಿತು, ಕೇರಿ ಹೋಗಲಿಲ್ಲ.

ಕೆರೆಯ ನೀರಿನ ಕತೆಯೂ ಅಲ್ಲಿ ಉಂಟು. 1919ರ ಜುಲೈ ತಿಂಗಳು. ಯೂಜೀನ್ ವಿಲಿಯಮ್ಸ್ ಅನ್ನೋ 17 ವರ್ಷದ ಕಪ್ಪು ಹುಡುಗ ಮಿಶಿಗನ್ ಸರೋವರದಲ್ಲಿ ಆಡ್ತಾ ಆಡ್ತಾ ಬಿಳಿಯರು ತಮ್ಮದು ಅಂತ ಇಟ್ಟುಕೊಂಡ ನೀರಿನ ಕಡೆಗೆ ತೇಲಿಬಿಟ್ಟ. ಕಲ್ಲು ಬಿತ್ತು. ಹುಡುಗ ಮುಳುಗಿ ಸತ್ತ. ಕಲ್ಲು ಹೊಡೆದವನನ್ನು ಪೊಲೀಸರು ಹಿಡಿಯಲಿಲ್ಲ. ಗಲಭೆ ಎದ್ದಿತು, 38 ಜನ ಸತ್ತರು, ಅವರಲ್ಲಿ 23 ಜನ ಕಪ್ಪು ಜನ. ನೀರಿನ ಮೇಲೆ ಗೆರೆ ಎಳೆಯೋರು ಮಹಾಡದಲ್ಲಿ ಮಾತ್ರ ಇರಲಿಲ್ಲ.

ಇಂಥ ಊರಿನಲ್ಲಿ ಸಂಗೀತ ಒಂದು ದುಡಿಮೆ. ಅಲ್ಲೂ ಗೆರೆ. ಕಪ್ಪು ಸಂಗೀತಗಾರರಿಗೆ ಬೇರೆ ಯೂನಿಯನ್ನು, ಬಿಳಿಯರಿಗೆ ಬೇರೆ ಯೂನಿಯನ್ನು. 1902ರಲ್ಲಿ ಹುಟ್ಟಿದ ಕಪ್ಪು ಜನರ 'ಲೋಕಲ್ 208' ಬಿಳಿಯರ 'ಲೋಕಲ್ 10' ಜತೆ ಸೇರಿದ್ದು 1966ರಲ್ಲಿ. ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಕಾರ್ಮಿಕರಲ್ಲೇ ಎರಡು ಪಂಕ್ತಿ.

ರಕ್ತದಲ್ಲಿ ಬಂತು ಅನ್ನೋ ಮಾತಿಗೆ ಸುಳ್ಳು ಸಾಕ್ಷಿ ಬೇಕಿದ್ದರೆ ಬೇರೆಲ್ಲಾದರೂ ಹುಡುಕಬೇಕು, ಶಿಕಾಗೋದಲ್ಲಿ ಸಿಗೋದಿಲ್ಲ. ಅಲ್ಲಿಯ ಡುಸಾಬಲ್ ಪ್ರೌಢಶಾಲೆಯಲ್ಲಿ ವಾಲ್ಟರ್ ಡಯಟ್ ಅನ್ನೋ ಕಪ್ಪು ಮೇಷ್ಟ್ರು ಇದ್ದರು. ಎಲ್ಲರೂ ಅವರನ್ನು ಕ್ಯಾಪ್ಟನ್ ಅಂತಿದ್ದರು. 1935ರಿಂದ ಇಪ್ಪತ್ತೈದು ವರ್ಷಕ್ಕೂ ಮೇಲೆ ಆ ಶಾಲೆಯಲ್ಲಿ ಕಟ್ಟುನಿಟ್ಟಾಗಿ ಪಾಠ ಹೇಳಿದರು. ನ್ಯಾಟ್ ಕಿಂಗ್ ಕೋಲ್, ಡೈನಾ ವಾಷಿಂಗ್ಟನ್, ಜೀನ್ ಆಮನ್ಸ್, ಜಾನಿ ಗ್ರಿಫಿನ್, ವಾನ್ ಫ್ರೀಮನ್, ಇವರೆಲ್ಲ ಅವರ ಕೈಕೆಳಗೆ ಕಲಿತವರು. ಒಂದು ಸರ್ಕಾರಿ ಶಾಲೆ, ಒಬ್ಬ ಮೇಷ್ಟ್ರು, ಒಂದು ಜಗತ್ತಿಗಾಗುವಷ್ಟು ಸಂಗೀತಗಾರರು. ಇದು ಯಾವ ರಕ್ತದ ಮಹಿಮೆ?

ಮುಂದಿನ ತಲೆಮಾರಿನ ಹುಡುಗರು ಬೇರೆ ಬೇರೆ ಬಾಗಿಲು ಬಡಿದು ಕಲಿತರು. ರಾಸ್ಕೋ ಮಿಷೆಲ್, ಆಂಥನಿ ಬ್ರಾಕ್ಸ್‌ಟನ್, ಹೆನ್ರಿ ಥ್ರೆಡ್‌ಗಿಲ್ ಸೈನ್ಯಕ್ಕೆ ಸೇರಿ ಅಲ್ಲಿಯ ಬ್ಯಾಂಡುಗಳಲ್ಲಿ ನುಡಿಸಿದರು. ಇವರೂ ಜೋಸೆಫ್ ಜಾರ್ಮನ್, ಮಲಾಕಿ ಫೇವರ್ಸ್ ಮುಂತಾದವರೂ ವಿಲ್ಸನ್ ಜೂನಿಯರ್ ಕಾಲೇಜು ಅನ್ನೋ ಎರಡು ವರ್ಷದ ಸರ್ಕಾರಿ ಕಾಲೇಜಿನಲ್ಲಿ ಓದಿದರು. ಮನೆತನದಲ್ಲೇ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದ ನಮಗೆ ಇಂಥ ಓದಿನ ಹಸಿವು ಏನು ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

* * *

ಜಾಜ್ ಸಂಗೀತಕ್ಕೆ ಹಳೆಯದೊಂದು ಬಯಲುಶಾಲೆ ಇತ್ತು. ಅದರ ಹೆಸರು ಜಾಮ್ ಸೆಷನ್. ಸಂಜೆ ಯಾವುದೋ ಬಾರಿನಲ್ಲಿ, ಕುಣಿತದ ಹಾಲಿನಲ್ಲಿ ಕೂಲಿಗೆ ನುಡಿಸಿ ಮುಗಿಸಿದವರು ನಡುರಾತ್ರಿ ಮೇಲೆ ಒಂದು ಕಡೆ ಸೇರೋರು. ಯಾರೂ ಕರೆದಿರೋದಿಲ್ಲ, ಪಟ್ಟಿ ಇರೋದಿಲ್ಲ. ಎಲ್ಲರಿಗೂ ಗೊತ್ತಿರುವ ಒಂದು ಧಾಟಿ ಹಿಡಿದು ಶುರು ಮಾಡೋರು. ಒಬ್ಬೊಬ್ಬರು ಸರದಿ ಮೇಲೆ ಅದನ್ನು ತಮ್ಮ ತಮ್ಮ ರೀತಿಯಲ್ಲಿ ಬೆಳೆಸೋರು. ನಮ್ಮ ಕಡೆ ರಾತ್ರಿಯೆಲ್ಲ ತತ್ವಪದ ಹಾಡುವಾಗ ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಎತ್ತಿಕೊಳ್ತಾರಲ್ಲ, ಸುಮಾರು ಹಂಗೆ. ಎಳೆ ಹುಡುಗ ವಾದ್ಯ ಹಿಡಿದು ಮೂಲೆಯಲ್ಲಿ ಕಾಯ್ತಿದ್ದ. ಹಿರಿಯರು ಕಣ್ಣಲ್ಲೇ ಕರೆದರೆ ನುಡಿಸಬೇಕು. ತಪ್ಪಿದರೆ ಎಲ್ಲರ ಮುಂದೆ ಮಾನ ಹೋಯಿತು. ಮನೆಗೆ ಹೋಗಿ ಅಭ್ಯಾಸ ಮಾಡಿ ಮತ್ತೆ ಬರಬೇಕು.

ಒಳ್ಳೆಯ ಶಾಲೆಯೇ. ಆದರೆ ಆ ಶಾಲೆಯ ಸೂರು ಬಾರಿನ ಮಾಲೀಕನದು. ಕುಡಿತ ಮಾರಾಟ ಆಗೋ ತನಕ ಸಂಗೀತ. 1950ರ ದಶಕದ ಕೊನೆಯಿಂದ ಶಿಕಾಗೋದ ದಕ್ಷಿಣ ಭಾಗದ ಕ್ಲಬ್ಬುಗಳು ಒಂದೊಂದಾಗಿ ಮುಚ್ಚತೊಡಗಿದವು. ಸಾಲು ಸಾಲು ಕ್ಲಬ್ಬುಗಳಿದ್ದ 63ನೇ ಬೀದಿ ಮಂಕಾಯಿತು. ಬಾಗಿಲು ಬಿದ್ದ ಕೂಡಲೆ ಕೂಲಿಯೂ ಹೋಯಿತು, ಬಯಲುಶಾಲೆಯೂ ಹೋಯಿತು. ಪರರ ಜಗಲಿಯಲ್ಲಿ ಕಲಿತ ವಿದ್ಯೆಗೆ ಈ ಗಂಡಾಂತರ ಯಾವಾಗಲೂ ಇದ್ದದ್ದೇ.

ಆಗ ರಿಚರ್ಡ್ ಅಬ್ರಮ್ಸ್ ಅನ್ನೋ ಪಿಯಾನೋ ವಾದಕರು ಒಂದು ಕೆಲಸ ಮಾಡಿದರು. ಮುಂದೆ ಮುಹಾಲ್ ಅಂತ ಹೆಸರು ಸೇರಿಸಿಕೊಂಡವರು ಇವರೇ. 1930ರಲ್ಲಿ ಶಿಕಾಗೋದಲ್ಲೇ ಹುಟ್ಟಿದವರು, ಹೆಚ್ಚು ಭಾಗ ತಮಗೆ ತಾವೇ ಮೇಷ್ಟ್ರಾಗಿ ಕಲಿತವರು. ಜೋಸೆಫ್ ಶಿಲಿಂಗರ್ ಬರೆದ ಸಂಗೀತರಚನೆಯ ದಪ್ಪ ಪುಸ್ತಕಗಳನ್ನು ಹಿಡಿದು ಒಬ್ಬರೇ ಕೂತು ಅರಗಿಸಿಕೊಂಡರು. 1960ರ ದಶಕದ ಆರಂಭದಲ್ಲಿ 'ಎಕ್ಸ್‌ಪೆರಿಮೆಂಟಲ್ ಬ್ಯಾಂಡ್' ಅಂತ ಒಂದು ತಂಡ ಕಟ್ಟಿದರು. ಇದು ಕೂಲಿಗೆ ನುಡಿಸುವ ತಂಡ ಆಗಿರಲಿಲ್ಲ. ಯಾರಾದರೂ ಬರಬಹುದು, ಏನು ಬರೆದರೂ ತರಬಹುದು, ಬರೆದದ್ದನ್ನು ಎಲ್ಲರೂ ಸೇರಿ ನುಡಿಸಿ ನೋಡೋರು. ತಾನು ಬರೆದದ್ದು ಹತ್ತು ಜನರ ಉಸಿರಲ್ಲಿ ಹೆಂಗೆ ಕೇಳಿಸ್ತದೆ ಅಂತ ಇಪ್ಪತ್ತು ವರ್ಷದ ಹುಡುಗನಿಗೆ ಅಲ್ಲಿ ಗೊತ್ತಾಗ್ತಿತ್ತು.

1965ರ ಮೇ ತಿಂಗಳಲ್ಲಿ ನಾಲ್ಕು ಜನ ಊರಿನ ಸಂಗೀತಗಾರರಿಗೆಲ್ಲ ಪೋಸ್ಟ್‌ಕಾರ್ಡ್ ಹಾಕಿದರು. ಅಬ್ರಮ್ಸ್, ಪಿಯಾನೋ ವಾದಕ ಜೋಡಿ ಕ್ರಿಶ್ಚಿಯನ್, ಡ್ರಮ್ ಬಾರಿಸುವ ಸ್ಟೀವ್ ಮೆಕಾಲ್, ತುತ್ತೂರಿಯ ಫಿಲ್ ಕೋಹ್ರಾನ್. ಮೇ 8ರಂದು 75ನೇ ಬೀದಿಯ ಪೂರ್ವಕ್ಕಿದ್ದ ಕೋಹ್ರಾನ್ ಮನೆಯಲ್ಲಿ ಸಭೆ ಸೇರಿತು. ಆ ಸಭೆಯ ಮಾತನ್ನು ಟೇಪಿನಲ್ಲಿ ಹಿಡಿದಿಟ್ಟರು. ಇದು ಸಣ್ಣ ಸಂಗತಿ ಅಲ್ಲ, ಗೆಳೆಯರೆ. ತಾವು ಮಾಡ್ತಾ ಇರೋದು ಚರಿತ್ರೆ ಅಂತ ಆ ಕೋಣೆಯಲ್ಲಿ ಕೂತಿದ್ದವರಿಗೆ ಗೊತ್ತಿತ್ತು.

ಸಭೆಯಲ್ಲಿ ಹೆಚ್ಚು ಚರ್ಚೆ ಆದದ್ದು ಒಂದು ಮಾತಿನ ಮೇಲೆ: 'ಸ್ವಂತದ್ದು'. ಸಂಘದ ಕಛೇರಿಗಳಲ್ಲಿ ಸದಸ್ಯರು ತಾವೇ ರಚಿಸಿದ ಸಂಗೀತವನ್ನು ನುಡಿಸಬೇಕು ಅನ್ನೋದು ಒಂದು ವಾದ. ಜನ ಬಲ್ಲ ಹಳೆಯ ಧಾಟಿಗಳನ್ನು ನುಡಿಸಿಯೇ ಹೊಟ್ಟೆ ಹೊರೆಯೋರು ಎಷ್ಟೋ ಜನ ಇದ್ದರು, ಅವರಿಗೆ ಅಳುಕು. ಕೊನೆಗೆ ತೀರ್ಮಾನ ಆಯಿತು. ಹೊರಗೆ ಹೊಟ್ಟೆಪಾಡಿಗೆ ಏನು ಬೇಕಾದರೂ ನುಡಿಸಿ, ಸಂಘದ ವೇದಿಕೆಯಲ್ಲಿ ಮಾತ್ರ ಸ್ವಂತದ್ದು.

ಆಗಸ್ಟ್ 5ಕ್ಕೆ ಇಲಿನಾಯ್ ರಾಜ್ಯದಲ್ಲಿ ಲಾಭರಹಿತ ಸಂಸ್ಥೆ ಅಂತ ನೋಂದಣಿ ಆಯಿತು. ಹೆಸರು 'ಅಸೋಸಿಯೇಷನ್ ಫಾರ್ ದಿ ಅಡ್ವಾನ್ಸ್‌ಮೆಂಟ್ ಆಫ್ ಕ್ರಿಯೇಟಿವ್ ಮ್ಯೂಸಿಶಿಯನ್ಸ್', ಚಿಕ್ಕದಾಗಿ ಎ.ಎ.ಸಿ.ಎಂ. ಅಂದ್ರೆ ಸೃಷ್ಟಿಶೀಲ ಸಂಗೀತಗಾರರ ಏಳಿಗೆಯ ಸಂಘ. ಹೆಸರಿನಲ್ಲಿ ಜಾಜ್ ಅನ್ನೋ ಪದ ಎಲ್ಲೂ ಇಲ್ಲ, ನೋಡಿ. ಆ ಪದ ಬಾರಿನವರದು, ರೆಕಾರ್ಡ್ ಕಂಪನಿಯವರದು, ನಮ್ಮನ್ನು ಒಂದು ಗೂಡಿನಲ್ಲಿ ಕೂರಿಸೋದಕ್ಕೆ ಹೊರಗಿನವರು ಹಚ್ಚಿದ ಚೀಟಿ ಅಂತ ಅವರಲ್ಲಿ ಬಹಳ ಜನಕ್ಕೆ ಅನಿಸಿತ್ತು. ಮುಂದೆ ಇವರ ನಡುವಿಂದಲೇ 'ಗ್ರೇಟ್ ಬ್ಲ್ಯಾಕ್ ಮ್ಯೂಸಿಕ್' ಅನ್ನೋ ಘೋಷಣೆ ಬಂತು. ಹೆಸರಿಡೋ ಹಕ್ಕು ಯಾರದು ಅನ್ನೋ ಜಗಳದ ಬೆಲೆ 'ದಲಿತ' ಅನ್ನೋ ಪದವನ್ನು ಎದೆಗಚ್ಚಿಕೊಂಡವರಿಗೆ ಗೊತ್ತಿಲ್ಲವೆ?

* * *

1965ರ ಆಗಸ್ಟಿನಲ್ಲೇ ಮೊದಲ ಕಛೇರಿಗಳು ನಡೆದವು, ಸೌತ್ ಶೋರ್ ಬಾಲ್‌ರೂಂ ಅನ್ನೋ ಹಾಲಿನಲ್ಲಿ. ಮೊದಲು ಜೋಸೆಫ್ ಜಾರ್ಮನ್ ತಂಡ, ಆಮೇಲೆ ಕೋಹ್ರಾನ್ ತಂಡ. ಬಾರು ಬಿಟ್ಟು ಕುರ್ಚಿ ಹಾಕಿದ ಹಾಲಿಗೆ ಬಂದದ್ದೇ ಒಂದು ಬದಲಾವಣೆ. ಕುಡಿಯೋದಕ್ಕೆ ಬಂದವರ ಮಾತಿನ ಹಿಂದೆ ಗೊಣಗುವ ಸಂಗೀತ ಇದಾಗಿರಲಿಲ್ಲ. ಬಂದವರು ಕೂತು ಕೇಳಬೇಕು. ಹಾಲು ಗೊತ್ತು ಮಾಡೋದು, ಚೀಟಿ ಅಂಟಿಸೋದು, ಟಿಕೆಟ್ ಹರಿಯೋದು ಎಲ್ಲ ಸದಸ್ಯರದೇ ಕೆಲಸ. ಮ್ಯಾನೇಜರ್ ಇಲ್ಲ, ದಲ್ಲಾಳಿ ಇಲ್ಲ. ಚರ್ಚಿನ ಕೋಣೆ, ವಿಶ್ವವಿದ್ಯಾಲಯದ ಹಾಲು, ಸಮುದಾಯ ಭವನ, ಎಲ್ಲಿ ಜಾಗ ಸಿಕ್ಕಿದರೆ ಅಲ್ಲಿ ನುಡಿಸಿದರು.

ಎಂಥ ಸಂಗೀತ? ಇವರಲ್ಲಿ ಧ್ವನಿಮುದ್ರಿಕೆಯಾಗಿ ಮೊದಲು ಹೊರಬಂದದ್ದು ರಾಸ್ಕೋ ಮಿಷೆಲ್ 1966ರಲ್ಲಿ ನುಡಿಸಿದ 'ಸೌಂಡ್'. ಹೆಸರೇ ಹೇಳುವ ಹಾಗೆ ಸದ್ದೇ ಅದರ ವಸ್ತು. ಸ್ಯಾಕ್ಸೋಫೋನು, ತುತ್ತೂರಿಯ ಜತೆಗೆ ಗಂಟೆ, ಮೌತ್‌ಆರ್ಗನ್ನು, ಕೊಳಲು, ಆಟದ ಸಾಮಾನು. ಮಿಷೆಲ್, ಜಾರ್ಮನ್, ಫೇವರ್ಸ್, ಲೆಸ್ಟರ್ ಬೋವಿ ಸೇರಿ ನಡೆಸಿದ ಆರ್ಟ್ ಆನ್ಸಾಂಬಲ್ ತಂಡ ಸೈಕಲ್ ಹಾರನ್ನು, ಗೆಜ್ಜೆ, ಜಾಗಟೆಗಳನ್ನೂ ವೇದಿಕೆಗೆ ತಂದಿತು. ಅವಕ್ಕೆ ಅವರು 'ಚಿಕ್ಕ ವಾದ್ಯಗಳು' ಅಂತ ಹೆಸರಿಟ್ಟರು. ಸದ್ದು ತುಂಬಿದ ಜಾಗದಷ್ಟೇ ಮೌನಕ್ಕೂ ಜಾಗ ಕೊಟ್ಟರು. ಯಾವ ವಾದ್ಯ ಮೇಲು, ಯಾವುದು ಕೀಳು ಅನ್ನೋ ಶ್ರೇಣಿಯನ್ನೇ ಅಲುಗಾಡಿಸಿದರು. ಪಿಟೀಲು ಒಳಗೆ, ತಮಟೆ ಹೊರಗೆ ಅಂತ ಕೇಳಿಕೊಂಡು ಬೆಳೆದ ಕಿವಿಗಳಿಗೆ ಇದು ಬರೀ ಹೊಸ ಶೈಲಿ ಅಂತ ಅನಿಸೋದಿಲ್ಲ.

* * *

ಈಗ ಶಾಲೆಯ ವಿಷಯ. ಇದನ್ನು ಹೇಳೋದಕ್ಕೆ ಮುಂಚೆ ಆ ಊರಿನ ಸರ್ಕಾರಿ ಶಾಲೆಗಳು ಹೆಂಗಿದ್ದವು ಅಂತ ಹೇಳಬೇಕು. 1960ರ ದಶಕದ ಆರಂಭದಲ್ಲಿ ಶಿಕಾಗೋದ ಕಪ್ಪು ಮಕ್ಕಳ ಶಾಲೆಗಳು ತುಂಬಿ ತುಳುಕ್ತಿದ್ದವು. ಕೆಲವು ಕಡೆ ಎರಡು ಪಾಳಿ. ಅರ್ಧ ದಿನಕ್ಕೆ ಅರ್ಧ ಮಕ್ಕಳು. ಹತ್ತಿರದ ಬಿಳಿಯರ ಶಾಲೆಗಳಲ್ಲಿ ಜಾಗ ಇದ್ದರೂ ಕಪ್ಪು ಮಕ್ಕಳನ್ನು ಕಳಿಸಲಿಲ್ಲ. ಶಿಕ್ಷಣಾಧಿಕಾರಿ ಬೆಂಜಮಿನ್ ವಿಲ್ಲಿಸ್ ಆಟದ ಮೈದಾನಗಳಲ್ಲಿ ತಗಡಿನ ಕೋಣೆಗಳನ್ನು ತಂದು ನಿಲ್ಲಿಸಿದರು. ಜನ ಅದನ್ನು 'ವಿಲ್ಲಿಸ್ ಬಂಡಿ' ಅಂತ ಆಡಿಕೊಂಡರು. 1963ರ ಅಕ್ಟೋಬರ್ 22ರಂದು ಎರಡು ಲಕ್ಷಕ್ಕೂ ಮೇಲ್ಪಟ್ಟ ಮಕ್ಕಳು ಶಾಲೆಗೆ ಹೋಗದೆ ಬಹಿಷ್ಕಾರ ಹಾಕಿದರು.

ಆ ಬಹಿಷ್ಕಾರ ಆಗಿ ನಾಲ್ಕು ವರ್ಷಕ್ಕೆ, 1967ರಲ್ಲಿ, ಎ.ಎ.ಸಿ.ಎಂ. ತನ್ನ ಶಾಲೆ ತೆರೆಯಿತು. ಜಾಗ ಅಬ್ರಹಾಂ ಲಿಂಕನ್ ಸೆಂಟರ್ ಅನ್ನೋ ಹಳೆಯ ಸಮುದಾಯ ಭವನ. ದಿನ ಶನಿವಾರ. ಮೇಷ್ಟ್ರುಗಳು ಸಂಘದ ಸದಸ್ಯರೇ. ಮಕ್ಕಳಿಗೆ ಶುಲ್ಕ ಇಲ್ಲ. ಎಳೆಯ ಸಂಗೀತಗಾರರಿಗೆ ಬಿಟ್ಟಿಯಾಗಿ ಕಲಿಸಬೇಕು ಅನ್ನೋದು ಸಂಘದ ಸನ್ನದಿನಲ್ಲೇ ಬರೆದಿಟ್ಟ ಉದ್ದೇಶ.

ಪಾಠ ಏನು? ವಾದ್ಯ ಹಿಡಿಯೋದು, ಸ್ವರ ಓದೋದು, ಸ್ವರ ಬರೆಯೋದು. ಅಬ್ರಮ್ಸ್ ಸಂಗೀತರಚನೆ ಹೇಳಿಕೊಡ್ತಿದ್ದರು. ಅವರ ಪದ್ಧತಿಯಲ್ಲಿ ಒಂದು ವಿಶೇಷ ಇತ್ತು. ಮೊದಲು ಹತ್ತು ವರ್ಷ ದೊಡ್ಡವರದನ್ನು ಕಲಿ, ಆಮೇಲೆ ನಿನ್ನದು ಬರೆಯುವೆಯಂತೆ ಅಂತ ಹೇಳಲಿಲ್ಲ. ಆರಂಭದಿಂದಲೇ ನಿನ್ನದನ್ನು ಬರಿ ಅಂದರು. ಗಿಲೀಟು ಕೊಳಲು ಹಿಡಿದು ಬಂದ ಹುಡುಗಿಯೂ ರಚನಕಾರಳೇ. ನಾವು ಓದಿದ ಶಾಲೆಗಳಲ್ಲಿ ಸ್ಲೇಟು ತುಂಬ ಬೇರೆಯವರ ಮಾತನ್ನು ನಕಲು ಮಾಡಿಸಿದರು. ನಿನ್ನ ಅವ್ವ ಹಾಡುವ ಪದ ಬರಿ ಅಂತ ಯಾವ ಮೇಷ್ಟ್ರೂ ಕೇಳಲಿಲ್ಲ. ಆದ್ದರಿಂದ ಈ ಶನಿವಾರದ ಶಾಲೆಯ ಬಗ್ಗೆ ಓದುವಾಗ ನಮಗೆ ಹೊಟ್ಟೆಕಿಚ್ಚಾಗ್ತದೆ.

ರಕ್ತದ ಮಾತಿಗೆ ನಿಜವಾದ ಉತ್ತರ ಇಲ್ಲಿದೆ. ಹುಟ್ಟಿನಿಂದ ಬಂದದ್ದನ್ನು ಕಲಿಸೋದಕ್ಕೆ ಆಗೋದಿಲ್ಲ. ಕಲಿಸಬಹುದು ಅಂತ ತೋರಿಸಿದ ಗಳಿಗೆಯಲ್ಲೇ ಅದು ವಿದ್ಯೆ ಆಯಿತು. ವಿದ್ಯೆಗೆ ತಿದ್ದುವಿಕೆ ಉಂಟು, ವಾದ ಉಂಟು, ಬೆಲೆ ಉಂಟು. ಬೇಡ ಅಂತ ಬಿಡುವ ಸ್ವಾತಂತ್ರ್ಯವೂ ಉಂಟು. ಕುಲಕಸುಬಿನಲ್ಲಿ ಇಲ್ಲದೇ ಇರೋದು ಈ ಕೊನೆಯದು.

ಆ ಶಾಲೆಯಲ್ಲಿ ಕಲಿತವರೇ ಮುಂದೆ ಕಲಿಸಿದರು. 1963ರಲ್ಲಿ ಜಮೈಕಾದಿಂದ ವಲಸೆ ಬಂದ ಡಗ್ಲಾಸ್ ಎವರ್ಟ್ ಅಲ್ಲಿ ವಿದ್ಯಾರ್ಥಿಯಾಗಿ ಸೇರಿದರು. ಮುಂದೆ ಸಂಘದ ಅಧ್ಯಕ್ಷರೂ ಆದರು, ಬಿದಿರಿನಿಂದ ತಮ್ಮ ಕೊಳಲುಗಳನ್ನು ತಾವೇ ಮಾಡಿಕೊಂಡು ನುಡಿಸಿದರು.

* * *

ಇಷ್ಟು ಹೇಳಿ ಜೈಕಾರ ಹಾಕಿ ಮುಗಿಸಿದರೆ ಚರಿತ್ರೆಗೆ ಮೋಸ ಆಗ್ತದೆ. ಒಳಗಿನ ಜಗಳಗಳನ್ನೂ ಹೇಳ್ಬೇಕು.

ದೊಡ್ಡ ಜಗಳ: ಈ ಸಂಗೀತ ಯಾರಿಗೆ? ಕೇರಿಯ ಜನಕ್ಕೆ ಅಂತ ಶುರುವಾದ ಸಂಘದ ಕೆಲವು ಕಛೇರಿಗಳಿಗೆ ಕೇರಿಯ ಜನ ಬೆರಳೆಣಿಕೆಯಷ್ಟೇ ಬಂದರು. ದಿನವಿಡೀ ಕಸಾಯಿಖಾನೆಯಲ್ಲಿ, ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ಬಂದವರಿಗೆ ಕಾಲು ಕುಣಿಸುವ ತಾಳ ಬೇಕು. ಇವರು ಗಂಟೆ ಬಾರಿಸಿ ಮೌನ ಕೇಳಿಸ್ತಾ ಕೂತರೆ? ಫಿಲ್ ಕೋಹ್ರಾನ್ ಸಂಘದಲ್ಲಿ ಬಹಳ ಕಾಲ ಉಳಿಯಲಿಲ್ಲ. ಜನರ ಬೇರು, ಆಫ್ರಿಕದ ನೆನಪು, ಹಾಡು ಕುಣಿತ ಎಲ್ಲ ಕೂಡಿದ ದಾರಿ ಅವರದು. ಅವರು ಆಫ್ರಿಕದ ಬೆರಳುವಾದ್ಯಕ್ಕೆ ವಿದ್ಯುತ್ತು ಸೇರಿಸಿ ನುಡಿಸೋರು. 1967ರ ಬೇಸಿಗೆಯಲ್ಲಿ ಅವರ ತಂಡ 63ನೇ ಬೀದಿಯ ಕೊನೆಗಿರುವ ಸರೋವರದ ದಂಡೆಯಲ್ಲಿ ನುಡಿಸಿತು, ಜನ ಕಿಕ್ಕಿರಿದರು. 48 ವರ್ಷದ ಹಿಂದೆ ಕಲ್ಲು ಬಿದ್ದು ಹುಡುಗ ಮುಳುಗಿದ್ದು ಇದೇ ಸರೋವರದಲ್ಲಿ. ಅದೇ ವರ್ಷ ಒಂದು ಹಳೆಯ ಸಿನಿಮಾ ಮಂದಿರದಲ್ಲಿ ಅವರು 'ಆಫ್ರೋ ಆರ್ಟ್ಸ್ ಥಿಯೇಟರ್' ತೆರೆದರು. ಅದು ಹೆಚ್ಚು ವರ್ಷ ಬಾಳಲಿಲ್ಲ, ಆದರೆ ಆ ವರ್ಷಗಳಲ್ಲಿ ದಕ್ಷಿಣ ಭಾಗದ ಯುವಕರಿಗೆ ಅದೊಂದು ಮನೆ.

ಅಬ್ರಮ್ಸ್ ಕಡೆಯವರ ಮಾತು ಬೇರೆ. ಕಪ್ಪು ಮನುಷ್ಯ ಇಂಥದ್ದನ್ನೇ ನುಡಿಸಬೇಕು ಅಂತ ಬಿಳಿಯ ಹೇಳಿದರೂ ಸಂಕೋಲೆ, ಕಪ್ಪು ಗೆಳೆಯ ಹೇಳಿದರೂ ಸಂಕೋಲೆ. ಇಬ್ಬರ ಮಾತಿನಲ್ಲೂ ಸತ್ಯ ಇದೆ ಅಂತ ನಮಗೆ ಕಾಣ್ತದೆ. ನಮ್ಮ ಕಾವ್ಯದಲ್ಲೂ ಈ ಜಗಳ ಉಂಟು. ಘೋಷಣೆ ಬರೆದರೆ ಕಾವ್ಯ ಅಲ್ಲ ಅಂತ ಮಠದ ವಿಮರ್ಶಕರು ಮೂಗು ಮುರೀತಾರೆ. ಘೋಷಣೆ ಬಿಟ್ಟು ಬೇರೆ ಬರೆದರೆ ಜನಕ್ಕೆ ದ್ರೋಹ ಅಂತ ಗೆಳೆಯರು ಬೈತಾರೆ. ಶಿಕಾಗೋದವರು ಈ ಜಗಳವನ್ನು ಮಾತಲ್ಲಿ ಬಗೆಹರಿಸಲಿಲ್ಲ. ಇಬ್ಬರೂ ಕಲಿಸೋದನ್ನು ಮಾತ್ರ ಬಿಡಲಿಲ್ಲ. ಕೋಹ್ರಾನ್ ಕೂಡ ಜೀವಮಾನವೆಲ್ಲ ಮೇಷ್ಟ್ರೇ. ಕಛೇರಿಗೆ ಬಾರದ ಕೇರಿಯವರೂ ಮಕ್ಕಳನ್ನು ಪಾಠಕ್ಕೆ ಕಳಿಸಿದರು.

ಎರಡನೆಯದು ಹೆಂಗಸರ ಮಾತು. ಅರ್ಕಾನ್ಸಾದಿಂದ ಬಂದು ಶಿಕಾಗೋದ ಶಾಲೆಯಲ್ಲಿ ಪಾಠ ಹೇಳ್ತಿದ್ದ ಅಮೀನಾ ಕ್ಲಾಡಿನ್ ಮಯರ್ಸ್ 1966ರ ಸುಮಾರಿಗೇ ಸಂಘ ಸೇರಿ ಪಿಯಾನೋ, ಆರ್ಗನ್ನು ನುಡಿಸಿದರು. ಆದರೂ ಅದು ಬಹುಕಾಲ ಗಂಡಸರ ಸಂಘವೇ. ಹೆಂಗಸರದೇ ಆದ 'ಸಮಾನಾ' ತಂಡ ಬಂದದ್ದು 1990ರ ದಶಕದಲ್ಲಿ. ಆ ತಂಡದಲ್ಲಿದ್ದ ಕೊಳಲುವಾದಕಿ ನಿಕೋಲ್ ಮಿಷೆಲ್ ಸಂಘದ ಮೊದಲ ಮಹಿಳಾ ಅಧ್ಯಕ್ಷೆಯಾಗೋದಕ್ಕೆ ಸಂಘಕ್ಕೆ ನಲವತ್ತು ವರ್ಷ ದಾಟಬೇಕಾಯಿತು. ಶೋಷಣೆಯ ವಿರುದ್ಧ ಕಟ್ಟಿದ ಮನೆಯೊಳಗೂ ಅಡುಗೆಕೋಣೆ ಹಿಂದೆಯೇ ಇರ್ತದೆ ಅನ್ನೋದನ್ನು ನಮ್ಮ ಸಂಘಟನೆಗಳ ಗಂಡಸರು ಗಟ್ಟಿಯಾಗಿ ಓದಿಕೊಳ್ಳಬೇಕು.

ಹೊರಗಿನ ಕಾಲವೂ ಬೆಂಕಿಯ ಕಾಲ. 1966ರ ಆಗಸ್ಟಿನಲ್ಲಿ ಶಿಕಾಗೋದಲ್ಲಿ ಮನೆಯ ಹಕ್ಕಿಗಾಗಿ ನಡೆದ ಮೆರವಣಿಗೆಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ತಲೆಗೆ ಕಲ್ಲು ಬಿತ್ತು. 1969ರ ಡಿಸೆಂಬರ್ 4ರ ಬೆಳಗಿನ ಜಾವ ಪ್ಯಾಂಥರ್ ನಾಯಕ ಫ್ರೆಡ್ ಹ್ಯಾಂಪ್ಟನ್ ಅವರನ್ನು ಪೊಲೀಸರು ಮನೆಗೆ ನುಗ್ಗಿ ಹಾಸಿಗೆಯಲ್ಲೇ ಗುಂಡಿಟ್ಟು ಕೊಂದರು. ಅವರಿಗೆ ಆಗ 21 ವರ್ಷ. ಅದೇ 1969ರಲ್ಲಿ ಸಂಘದ ಹಲವರು ಪ್ಯಾರಿಸಿಗೆ ಹೋದರು. ದುಡ್ಡಿಗಾಗಿ ಲೆಸ್ಟರ್ ಬೋವಿ ತಮ್ಮ ಮನೆಯ ಸಾಮಾನು ಮಾರಿದರು. ಹೊರದೇಶದಲ್ಲಿ ಹೆಸರು ಬಂತು. ಹೆಸರು ಬಂದವರು ಹೋದರೂ ಶನಿವಾರದ ಪಾಠ ನಿಲ್ಲಲಿಲ್ಲ. ಒಬ್ಬ ನಾಯಕನ ಮೇಲೆ ನಿಂತ ಸಂಘಟನೆಗೂ ಪಾಠದ ಮೇಲೆ ನಿಂತ ಸಂಘಟನೆಗೂ ವ್ಯತ್ಯಾಸ ಇದೇ.

* * *

ಈ ಮಾದರಿ ಹಬ್ಬಿತು. 1968ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ 'ಬ್ಲ್ಯಾಕ್ ಆರ್ಟಿಸ್ಟ್ಸ್ ಗ್ರೂಪ್' ಹುಟ್ಟಿತು; ಸಂಗೀತ, ನಾಟಕ, ಕುಣಿತ, ಕವಿತೆ ಎಲ್ಲ ಒಂದೇ ಸೂರಿನಡಿ, ಜತೆಗೆ ಮಕ್ಕಳಿಗೆ ಪಾಠ. ಅದು ನಾಲ್ಕೈದು ವರ್ಷದಲ್ಲೇ ಚದುರಿತು. ಎಲ್ಲ ಕಡೆಯೂ ಉಳಿಯಿತು ಅಂತ ಹೇಳೋದಕ್ಕೆ ಆಗೋದಿಲ್ಲ.

ಹಳೆಯ ಬಯಲುಶಾಲೆಯೂ ಪೂರ್ತಿ ಸಾಯಲಿಲ್ಲ. ಸಂಘದ ಆರಂಭದ ಸದಸ್ಯರಲ್ಲಿ ಒಬ್ಬರಾದ ಸ್ಯಾಕ್ಸೋಫೋನ್ ವಾದಕ ಫ್ರೆಡ್ ಆಂಡರ್‌ಸನ್ 1982ರಲ್ಲಿ ವೆಲ್ವೆಟ್ ಲೌಂಜ್ ಅನ್ನೋ ಒಂದು ಬಾರನ್ನು ತಾವೇ ವಹಿಸಿಕೊಂಡರು. ಗಿರಾಕಿಗಳಿಗೆ ಕುಡಿಯೋದಕ್ಕೆ ಕೊಡೋರೂ ಅವರೇ, ವೇದಿಕೆ ಮೇಲೆ ನುಡಿಸೋರೂ ಅವರೇ. ಭಾನುವಾರ ಜಾಮ್ ಸೆಷನ್. ಎಳೆಯರಿಗೆ ಬಾಗಿಲು ತೆರೆದಿತ್ತು. 2006ರಲ್ಲಿ ಹೊಸ ಮಹಡಿ ಮನೆಗಳಿಗಾಗಿ ಆ ಕಟ್ಟಡ ಹೋಯಿತು. ಸಂಗೀತಗಾರರು, ಕೇಳುಗರು ದುಡ್ಡು ಕೂಡಿಸಿ ಹತ್ತಿರದಲ್ಲೇ ಇನ್ನೊಂದು ಜಾಗ ಮಾಡಿಕೊಟ್ಟರು. 2010ರಲ್ಲಿ ಆಂಡರ್‌ಸನ್ ತೀರಿಕೊಂಡರು, ಆ ಜಾಗವೂ ಮುಚ್ಚಿತು. ಡಯಟ್ ಮೇಷ್ಟ್ರ ಶಿಷ್ಯ ವಾನ್ ಫ್ರೀಮನ್ 75ನೇ ಬೀದಿಯ ಒಂದು ಲೌಂಜಿನಲ್ಲಿ ವರ್ಷಾನುಗಟ್ಟಲೆ ಮಂಗಳವಾರದ ರಾತ್ರಿ ಎಳೆಯರನ್ನು ಕರೆದು ನುಡಿಸಿದರು, 2012ರಲ್ಲಿ ತೀರಿಕೊಳ್ಳುವ ಹತ್ತಿರದವರೆಗೂ.

ಸಂಘದ ಹೆನ್ರಿ ಥ್ರೆಡ್‌ಗಿಲ್ ಅವರಿಗೆ 2016ರಲ್ಲಿ ಸಂಗೀತದ ಪುಲಿಟ್ಜರ್ ಬಹುಮಾನ ಬಂತು. ಅಬ್ರಮ್ಸ್, ಕೋಹ್ರಾನ್ ಇಬ್ಬರೂ 2017ರಲ್ಲಿ ಕಣ್ಣು ಮುಚ್ಚಿದರು. 2025ಕ್ಕೆ ಸಂಘ ಹುಟ್ಟಿ ಅರವತ್ತು ವರ್ಷ ಆಯಿತು.

ಬಹುಮಾನಕ್ಕಿಂತ ನಮಗೆ ದೊಡ್ಡದಾಗಿ ಕಾಣೋದು ಒಂದು ಪುಸ್ತಕ. 1971ರಲ್ಲಿ ಯೇಲ್ ವಿಶ್ವವಿದ್ಯಾಲಯದ ಓದಿನಿಂದ ಒಂದು ವರ್ಷ ಬಿಡುವು ಪಡೆದು ಊರಿಗೆ ಬಂದಿದ್ದ ಜಾರ್ಜ್ ಲೂಯಿಸ್ ಅನ್ನೋ ಹುಡುಗ ಇವರು ಅಭ್ಯಾಸ ಮಾಡೋದನ್ನು ಕೇಳಿ ಸಂಘಕ್ಕೆ ಸೇರಿದ. ಟ್ರೊಂಬೋನ್ ವಾದಕನಾಗಿ, ವಿದ್ವಾಂಸನಾಗಿ ಬೆಳೆದ. 2008ರಲ್ಲಿ 'ಎ ಪವರ್ ಸ್ಟ್ರಾಂಗರ್ ದ್ಯಾನ್ ಇಟ್‌ಸೆಲ್ಫ್' ಅಂತ ಸಂಘದ ಇಡೀ ಚರಿತ್ರೆಯನ್ನು ಬರೆದ. ಬಂದವರು, ಹೋದವರು, ಜಗಳವಾಡಿದವರು, ಎಲ್ಲರ ಮಾತೂ ಅದರಲ್ಲಿ ಸೇರಿದೆ. ಕೋಹ್ರಾನ್ ಮನೆಯ ಸಭೆಯ ಆ ಹಳೆಯ ಟೇಪುಗಳು ಅವನಿಗೆ ಆಧಾರವಾದವು. 2015ರಲ್ಲಿ ಅವೇ ಮಾತುಗಳು ಅವನ 'ಆಫ್ಟರ್‌ವರ್ಡ್' ಅನ್ನೋ ಸಂಗೀತ ನಾಟಕದಲ್ಲಿ ಹಾಡಾದವು. ಬಡವರ ಮನೆಯ ನಡುಮನೆಯಲ್ಲಿ ಆಡಿದ ಮಾತು ಐವತ್ತು ವರ್ಷದ ಮೇಲೆ ರಂಗಕ್ಕೆ ಬಂತು, ಯಾಕೆಂದರೆ ಯಾರೋ ಒಬ್ಬರು ಅವತ್ತು ಟೇಪು ಓಡಿಸಿದ್ದರು.

ನಮ್ಮ ತಮಟೆಯ ಗತ್ತುಗಳನ್ನು ಯಾರು ಬರೆದಿಟ್ಟಿದ್ದಾರೆ? ನಮ್ಮ ಸೋಬಾನೆ ಪದದ ಅವ್ವಂದಿರು ರಚನಕಾರರು ಅಂತ ಯಾವ ಪಠ್ಯ ಹೇಳ್ತದೆ? ಅವರನ್ನು 'ಜಾನಪದ' ಅನ್ನೋ ಡಬ್ಬಿಗೆ ಹಾಕಿ, ಉತ್ಸವದ ದಿನ ಮೆರವಣಿಗೆಯ ಮುಂದೆ ಬಿಸಿಲಲ್ಲಿ ಕುಣಿಸಿ, ಮಂತ್ರಿ ವೇದಿಕೆ ಹತ್ತಿದ ಕೂಡಲೆ ಹಿಂದಕ್ಕೆ ಕಳಿಸ್ತಾರೆ. ಅಲ್ಲೂ ಅದೇ ಮಾತು: ಇವರಿಗೆ ಇದು ಹುಟ್ಟಿನಿಂದಲೇ ಬಂದಿದೆ. ನಮ್ಮಲ್ಲಿ ಕೆಲವರು ಆ ಅವಮಾನಕ್ಕೆ ಸಿಟ್ಟಾಗಿ ತಮಟೆಯನ್ನೇ ಮುಟ್ಟೋದಿಲ್ಲ ಅಂದರು. ಅವರ ಸಿಟ್ಟು ನ್ಯಾಯವಾದದ್ದು. ಇನ್ನು ಕೆಲವರು ಅದೇ ತಮಟೆಯನ್ನು ಹೋರಾಟದ ಮೆರವಣಿಗೆಗೆ ತಂದರು. ಅದೂ ನ್ಯಾಯವೇ. ಮೂರನೆಯ ಕೆಲಸ ಬಾಕಿ ಇದೆ: ತಮಟೆಯನ್ನು ಕಲಿಸುವ ಕೆಲಸ. ಬೇಕು ಅಂದ ಯಾವ ಜಾತಿಯ ಮಗುವಾದರೂ ಬಂದು ಕಲಿಯಲಿ, ಕಲಿಸಿದವರು ಮೇಷ್ಟ್ರು ಅನಿಸಿಕೊಳ್ಳಲಿ, ಬೇಡ ಅಂದ ನಮ್ಮ ಮಗು ಧೈರ್ಯವಾಗಿ ಬೇಡ ಅನ್ನಲಿ.

ಅದಕ್ಕೆ ದೊಡ್ಡ ಭವನ ಬೇಕಾಗಿಲ್ಲ. ಯಾವುದಾದರೂ ಹಾಸ್ಟೆಲಿನ ಒಂದು ಕೋಣೆ, ಸಂಬಳ ಕೇಳದ ನಾಲ್ಕು ಜನ, ಬರೆದಿಡೋದಕ್ಕೆ ಒಂದು ನೋಟ್‌ಬುಕ್ಕು, ವಾರಕ್ಕೊಂದು ಶನಿವಾರ ಸಾಕು. ಆ ಕೆಲಸಕ್ಕೆ ಸಿದ್ಧ ಇರೋರು ನಮ್ಮ ಜತೆ ಬನ್ನಿ.